ಮುಖ ತೊಳೆದ ಮೇಲೆ ಎಳೆಯುವ ಆ ಬಿಗಿ

ಮುಖ ತೊಳೆದು ಒರೆಸಿ ಐದು ನಿಮಿಷ ಆಗಿರುತ್ತದೆ. ಕೆನ್ನೆ ಬಿಗಿಯುತ್ತದೆ, ನಗಲು ಹೋದರೆ ಬಾಯಿಯ ಪಕ್ಕ ಎಳೆಯುತ್ತದೆ. ನಿಮಗೂ ಹೀಗಾಗುತ್ತದೆ ಅಲ್ವಾ? ನಾನು ಎಷ್ಟೋ ವರ್ಷ ಇದನ್ನೇ "ಮುಖ ಕ್ಲೀನ್ ಆಯಿತು" ಅಂದುಕೊಂಡಿದ್ದೆ.

ನಮ್ಮ ಮಂಗಳೂರಿನ ಸೆಕೆ ಗೊತ್ತಲ್ಲ. ಏಪ್ರಿಲ್‌ನಲ್ಲಿ ಹಂಪನಕಟ್ಟೆಯಲ್ಲಿ ಬಸ್ಸಿಳಿದರೆ ಸಾಕು, ಮುಖವಿಡೀ ಬೆವರು, ಜಿಡ್ಡು. ದಿನಕ್ಕೆ ನಾಲ್ಕು ಸಲ ಸಾಬೂನು ಹಾಕಿ ತೊಳೆಯುತ್ತಿದ್ದೆ. ಆಮೇಲೆ ಆಫೀಸಿನ ಎಸಿಯಲ್ಲಿ ಕೂತರೆ ಉರಿ. ಒಮ್ಮೆ ಅಂಗಡಿಯಲ್ಲಿ ಹೇಳಿದೆ. "ಅದೆಲ್ಲ ಸುಮ್ನೆ ನಿಮಗೆ ಹಾಗೆ ಅನ್ನಿಸುವುದು, ಸಾಬೂನು ಒಳ್ಳೆಯದೇ" ಅಂದರು. ಈ ಮಾತು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಆ ಬಿಗಿ ಸುಮ್ನೆ ಅನ್ನಿಸುವುದಲ್ಲ. ಚರ್ಮವನ್ನು ನಿಜವಾಗಿ ಏನೋ ಎಳೆಯುತ್ತಿರುತ್ತದೆ. ಆ ಎಳೆತವನ್ನು ಅಳೆದವರೂ ಇದ್ದಾರೆ.

ಚರ್ಮದ ಎಲ್ಲಕ್ಕಿಂತ ಮೇಲಿನ ಪದರಕ್ಕೆ ಸ್ಟ್ರಾಟಂ ಕಾರ್ನಿಯಂ ಅನ್ನುತ್ತಾರೆ. ಸತ್ತ ಕೋಶಗಳ ಪದರ ಅದು. ದಪ್ಪ ಸುಮಾರು ಮಿಲಿಮೀಟರಿನ ನೂರನೇ ಒಂದು ಪಾಲು, ಅಷ್ಟೇ. ಕೋಶಗಳ ನಡುವೆ ಕೊಬ್ಬು ತುಂಬಿರುತ್ತದೆ, ನೀರನ್ನು ಒಳಗೇ ಹಿಡಿದಿಡುವುದು ಅದರ ಕೆಲಸ. ತೀಕ್ಷ್ಣವಾದ ಸಾಬೂನು ಜಿಡ್ಡಿನ ಜೊತೆ ಈ ಕೊಬ್ಬನ್ನೂ ಸ್ವಲ್ಪ ತೆಗೆದುಬಿಡುತ್ತದೆ. ಆಗ ನೀರು ಬೇಗ ಆರಿ ಪದರ ಕುಗ್ಗುತ್ತದೆ. ಆ ಪದರದಲ್ಲಿ ಸ್ಪರ್ಶದ ನರ ಇಲ್ಲ, ಇರುವುದು ಅದರ ಕೆಳಗೆ. ಕುಗ್ಗಿದ ಪದರ ಕೆಳಗಿನ ಚರ್ಮವನ್ನು ಎಳೆಯುತ್ತದೆ, ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ.

ಹಲಸಿನ ಹಪ್ಪಳ ಒಣಗಿಸಿದವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಚಾಪೆ ಮೇಲೆ ಹಾಕಿದ ಹಪ್ಪಳದ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಅಡಿ ಇನ್ನೂ ಹಸಿ. ಅದಕ್ಕೇ ಅಂಚು ಮೇಲೇಳುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೈನ್‌ಹೋಲ್ಡ್ ಡೌಸ್ಕರ್ಡ್ ಅವರ ತಂಡ ಚರ್ಮದ ಎಳೆತವನ್ನು ಅಳೆದದ್ದೂ ಹೆಚ್ಚುಕಮ್ಮಿ ಹೀಗೇ. ಚರ್ಮದ ಪದರವನ್ನು ತೆಳು ಗಾಜಿಗೆ ಅಂಟಿಸುವುದು, ಪದರ ಒಣಗುವಾಗ ಗಾಜು ಎಷ್ಟು ಬಾಗಿತು ಅಂತ ನೋಡುವುದು.

2023ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಯಿತು. ದಾನವಾಗಿ ಸಿಕ್ಕಿದ ಚರ್ಮದ ಮೇಲೆ 6 ಕ್ಲೆನ್ಸರ್, 9 ಮಾಯಿಶ್ಚರೈಸರ್ ಹಚ್ಚಿ ಎಳೆತ ಅಳೆದರು. ನರ ಎಷ್ಟು ಜೋರಾಗಿ ಸುದ್ದಿ ಕಳಿಸುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ಮಾಯಿಶ್ಚರೈಸರ್ ಬಗ್ಗೆ ಫ್ರಾನ್ಸಿನ 2,000 ಹೆಂಗಸರು, ಕ್ಲೆನ್ಸರ್ ಬಗ್ಗೆ ಚೀನಾದ 720 ಹೆಂಗಸರು ತಮಗೆ ಹೇಗನ್ನಿಸಿತು ಅಂತ ಹೇಳಿದ್ದಕ್ಕೂ ಈ ಲೆಕ್ಕಕ್ಕೂ ತಾಳೆಯಾಯಿತು! ಅಂದರೆ ಆ ಹೆಂಗಸರ ಕೆನ್ನೆ ಸುಳ್ಳು ಹೇಳಿರಲಿಲ್ಲ.

ಆ ಅಧ್ಯಯನದಲ್ಲಿ ಸೌಂದರ್ಯವರ್ಧಕ ತಯಾರಿಸುವ ಲೋರಿಯಲ್ ಕಂಪನಿಯ ವಿಜ್ಞಾನಿಗಳೂ ಇದ್ದರು. ಅಳೆಯುವ ದಾರಿ ತಯಾರಕರಿಗೂ ಗೊತ್ತಿದೆ ಅಂತಾಯಿತು. ಹಾಗಿದ್ದರೆ ನಮಗೆ ಯಾಕೆ ಹೇಳುವುದಿಲ್ಲ? ಸಾಬೂನಿನ ಕವರ್ ಮೇಲೆ ಟಿಎಫ್‌ಎಂ 76% ಅಂತ ಇರುತ್ತದೆ, ಗ್ರೇಡ್ 1 ಅಂತ ಇರುತ್ತದೆ. ಅದು ಸಾಬೂನಿನಲ್ಲಿ ಕೊಬ್ಬಿನ ಅಂಶ ಎಷ್ಟು ಅನ್ನುವ ಲೆಕ್ಕ. ತೊಳೆದ ಹತ್ತು ನಿಮಿಷಕ್ಕೆ ಕೆನ್ನೆ ಎಷ್ಟು ಬಿಗಿಯುತ್ತದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಮಾಮೂಲಿ ಸಾಬೂನಿನ ಪಿಎಚ್ (ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) 9ರಿಂದ 10, ನಮ್ಮ ಚರ್ಮದ್ದು 5ರ ಆಸುಪಾಸು. ಅದನ್ನೂ ಹೆಚ್ಚಿನವರು ಬರೆಯುವುದಿಲ್ಲ. ಬಿಗಿಯ ಅಳತೆ ಕವರ್ ಮೇಲೆ ಬರಬೇಕು. ನಾನು ಕೇಳುವುದು ಇಷ್ಟೇ.

ನಮ್ಮ ಪಕ್ಕದ ಮನೆಯ ಮಾವ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಿದ್ದವರು. ರಾತ್ರಿಯಿಡೀ ಮುಖದಲ್ಲಿ ಬಣ್ಣ. ಬೆಳಿಗ್ಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮೊದಲು ತೆಂಗಿನೆಣ್ಣೆ ಹಚ್ಚಿ, ಬಟ್ಟೆಯಲ್ಲಿ ಮೆಲ್ಲ ಒರೆಸುತ್ತಿದ್ದರು. "ತಿಕ್ಕಬಾರದು ಮಗಾ, ಎಣ್ಣೆ ಹಾಕಿದರೆ ಬಣ್ಣ ತಾನಾಗಿ ಬಿಡುತ್ತದೆ" ಅನ್ನುತ್ತಿದ್ದರು. ಎಣ್ಣೆಯಲ್ಲಿ ಕಲಸಿದ ಬಣ್ಣ ಎಣ್ಣೆಗೇ ಕರಗುತ್ತದೆ. ಹಾಗಂತ ಮೊಡವೆ ಇರುವವರು ತೆಂಗಿನೆಣ್ಣೆ ಮುಖಕ್ಕೆ ಹಚ್ಚಬೇಡಿ, ಜಾಸ್ತಿಯಾಗಬಹುದು. ನಮ್ಮ ಕರಾವಳಿಗೆ ಗ್ಲಿಸರಿನ್ ಇರುವ ತೆಳು ಲೋಷನ್ ಸಾಕು. ಅದನ್ನು ಮುಖ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ.

ನಾನು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಎಡಗೆನ್ನೆಗೆ ಸಾಬೂನು, ಬಲಗೆನ್ನೆಗೆ ಬರೀ ನೀರು. ಜುಲೈ ಮಳೆಯಲ್ಲಿ ಜಗಲಿಯಲ್ಲಿ ಕೂತಾಗ ಎರಡಕ್ಕೂ ದೊಡ್ಡ ವ್ಯತ್ಯಾಸ ಗೊತ್ತಾಗಲಿಲ್ಲ. ಗಾಳಿಯಲ್ಲೇ ಅಷ್ಟು ನೀರಿತ್ತು. ಮರುದಿನ ಎಸಿ ರೂಮಿನಲ್ಲಿ ಕೂತೆ. ಆರನೇ ನಿಮಿಷಕ್ಕೆ ಎಡಗೆನ್ನೆ ಎಳೆಯತೊಡಗಿತು, ಬಲಗೆನ್ನೆ ಹಾಗೇ ಇತ್ತು. ನೀವೂ ಗಡಿಯಾರ ಇಟ್ಟುಕೊಂಡು ಮಾಡಿ ನೋಡಿ. ಯಾವ ಸಾಬೂನು, ಎಷ್ಟನೇ ನಿಮಿಷ, ಜಗಲಿಯೋ ಎಸಿಯೋ, ಮೂರನ್ನೂ ಬರೆದು ಕಳಿಸಿ. ಮುಂದಿನ ವಾರ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ.