ನಕ್ಷೆಯ ಹಳದಿ ಗೆರೆ ಹಿಡಿದು: ಸಫೊಕ್ ಓಣಿಗಳಲ್ಲಿ ಒಂದು ದಿನದ ಸೈಕಲ್ ಸವಾರಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರ ಮನೆ ಲಂಡನ್ ಅಥವಾ ಅದರ ಆಸುಪಾಸು. ಸೈಕಲ್ಲು ಇದೆ, ವಾರಕ್ಕೊಂದು ದಿನ ಬಿಡುವೂ ಇದೆ. ಆದರೂ ಇಂಗ್ಲೆಂಡಿನ ಹಳ್ಳಿಗಾಡು ನೋಡಲು ಹೋಗಿ ಬಂದವರು ಹೇಳುವ ದೂರು ಮೂರು: ಅಲ್ಲೂ ಕಾರುಗಳ ಕಾಟ, ಏರು ಹತ್ತಿ ಮಂಡಿ ನೋವು, ಹೊತ್ತಿಗೆ ಊಟ ಸಿಗಲಿಲ್ಲ. ಕಾರಣ ಬಹುಪಾಲು ಒಂದೇ, ದಾರಿಯನ್ನು ಫೋನಿನ ಕೈಗೆ ಬಿಟ್ಟಿರುತ್ತಾರೆ. ಫೋನು ಹತ್ತಿರದ ದಾರಿ ಹುಡುಕುತ್ತದೆ, ನಮಗೆ ಬೇಕಾದದ್ದು ಸದ್ದಿಲ್ಲದ ದಾರಿ. ಅದನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲೆ ಕಾಗದದ ನಕ್ಷೆ ಹರಡಿ ಆರಿಸಿಕೊಳ್ಳಬಹುದು. ಇವತ್ತಿನ ಮಾತಿನ ದೊಡ್ಡ ಪಾಲು ಅದರ ಬಗ್ಗೆಯೇ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ಎಂಬ ಗುಲಾಬಿ ಹೊದಿಕೆಯ ನಕ್ಷೆಗಳು ಇಡೀ ಬ್ರಿಟನ್ನಿಗೆ 204 ಇವೆ. ಅಳತೆ 1:50,000. ಅಂದರೆ ನಕ್ಷೆಯ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಒಂದು ಹಾಳೆಯಲ್ಲಿ 40 ಕಿ.ಮೀ. ಉದ್ದ, 40 ಕಿ.ಮೀ. ಅಗಲದ ಸೀಮೆ ಹಿಡಿಯುತ್ತದೆ, ಒಂದು ದಿನಕ್ಕೆ ಧಾರಾಳ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ ನಕ್ಷೆ 1:25,000 ಅಳತೆಯದು. ಅದು ನಡೆಯುವವರಿಗೆ ಸರಿ. ಸೈಕಲ್ಲಿನ ಮೇಲೆ ಅದರ ಮಡಿಕೆ ಬದಲಿಸಿ ಬದಲಿಸಿ ಸಾಕಾಗುತ್ತದೆ.

ಲ್ಯಾಂಡ್‌ರೇಂಜರಿನಲ್ಲಿ ಹಸಿರು ಮತ್ತು ಕೆಂಪು ಗೆರೆಗಳು ಎ ರಸ್ತೆಗಳು ಅಂದರೆ ಮುಖ್ಯ ರಸ್ತೆಗಳು, ಕಿತ್ತಳೆ ಅದಕ್ಕಿಂತ ಕೆಳದರ್ಜೆಯ ಬಿ ರಸ್ತೆ, ಹಳದಿ ಸಣ್ಣ ರಸ್ತೆ. ಈ ಹಳದಿಯಲ್ಲೇ ಎರಡು ದಪ್ಪ ಇವೆ. ತೆಳು ಹಳದಿ ಸಾಮಾನ್ಯವಾಗಿ 4 ಮೀಟರಿಗಿಂತ ಕಿರಿದಾದ ದಾರಿ. ಕರಾವಳಿಯಲ್ಲಿ ಎರಡೂ ಬದಿ ಮಣ್ಣಿನ ದಂಡೆ, ಬೇಲಿ ಇರುವ ದಾರಿಗೆ ಓಣಿ ಎನ್ನುತ್ತಾರಲ್ಲ, ಇದೂ ಹಾಗೆಯೇ. ನಮಗೆ ಬೇಕಾದದ್ದು ಈ ಓಣಿ.

ಆದರೆ ಎಲ್ಲ ತೆಳು ಹಳದಿಯೂ ಒಂದೇ ಅಲ್ಲ. ಎರಡು ಪೇಟೆಗಳ ನಡುವೆ ನೇರವಾಗಿ ಹೋಗುವ ಓಣಿಯಲ್ಲಿ ಬೆಳಗ್ಗೆ ಎಂಟರಿಂದ ಒಂಬತ್ತು, ಮಧ್ಯಾಹ್ನ ಮೂರರಿಂದ ನಾಲ್ಕು, ಶಾಲೆಗೆ ಮಕ್ಕಳನ್ನು ಬಿಡುವವರ, ಕೆಲಸಕ್ಕೆ ಅಡ್ಡದಾರಿ ಹಿಡಿದವರ ಕಾರುಗಳು ಬರುತ್ತವೆ. ಸುತ್ತಿ ಬಳಸಿ ಒಂದು ಚರ್ಚು, ಎರಡು ಹೊಲದ ಮನೆ ಮುಟ್ಟಿ ಮುಂದಿನ ಹಳ್ಳಿ ಸೇರುವ ಗೆರೆಯನ್ನು ಹುಡುಕಿ, ಅದರ ಮೇಲೆ ಕಾರಿಗೆ ಕೆಲಸವಿಲ್ಲ. ಹೊಳೆ ಮತ್ತು ರೈಲು ಹಳಿ ಇರುವಲ್ಲಿ ಎಚ್ಚರ. ಸೇತುವೆಗಳು ಕಡಿಮೆ, ಆದ್ದರಿಂದ ಅಲ್ಲಲ್ಲಿ ಚದುರಿದ ವಾಹನವೆಲ್ಲ ಅಲ್ಲೇ ಬಂದು ಸೇರುತ್ತದೆ. ಎ ರಸ್ತೆ ದಾಟಲೇಬೇಕಾದರೆ ಎರಡು ಹಳದಿ ಗೆರೆಗಳು ಎದುರುಬದುರಾಗಿ ಬಂದು ಸೇರುವ ಜಾಗ ಆರಿಸಿ. 300 ಮೀಟರ್ ಅತ್ತಿತ್ತ ಇದ್ದರೂ ಆ 300 ಮೀಟರನ್ನು ಲಾರಿಗಳ ಜೊತೆ ತುಳಿಯಬೇಕಾಗುತ್ತದೆ.

ರಸ್ತೆಯ ಮೇಲೆ ಬಾಣದ ಗುರುತು ಒಂದಿದ್ದರೆ ಇಳಿಜಾರು 7ಕ್ಕೆ 1ರಿಂದ 5ಕ್ಕೆ 1, ಅಂದರೆ 7 ಅಥವಾ 5 ಮೀಟರ್ ಹೋದರೆ 1 ಮೀಟರ್ ಇಳಿತ. ಎರಡಿದ್ದರೆ ಅದಕ್ಕಿಂತ ಕಡಿದು. ಬಾಣದ ಮೊನೆ ಇಳಿಯುವ ಕಡೆಗೆ ಇರುತ್ತದೆ. ಇದನ್ನು ತಿರುಗಾಮುರುಗಾ ಓದಿದರೆ ದಿನವೇ ಕೆಟ್ಟಂತೆ.

ಮೊದಲ ಸವಾರಿಗೆ ಸಫೊಕ್ ಒಳ್ಳೆಯದು. ಆ ಕೌಂಟಿಯ ಅತಿ ಎತ್ತರದ ಜಾಗ ಬರೀ 128 ಮೀಟರ್. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಮಾರ್ಕ್ಸ್ ಟೇ, ಅಲ್ಲಿ ಇಳಿದು ಒಂಟಿ ಹಳಿಯ ಕವಲು ಮಾರ್ಗದ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಸಡ್‌ಬರಿ. ನಡುವೆ ಕೋನ್ ನದಿಯ ಕಣಿವೆಯ ಮೇಲೆ 32 ಕಮಾನುಗಳ ಇಟ್ಟಿಗೆ ಸೇತುವೆ ಬರುತ್ತದೆ. ಕಿಟಕಿ ಪಕ್ಕ ಕೂತುಕೊಳ್ಳಿ. ಮುಂದಿನ ದಾರಿ ಪೂರ್ತಿ ಲ್ಯಾಂಡ್‌ರೇಂಜರ್ 155ನೇ ಹಾಳೆಯಲ್ಲಿದೆ: ಸಡ್‌ಬರಿ, ಆ್ಯಕ್ಟನ್, ಲ್ಯಾವೆನಮ್, ಪ್ರೆಸ್ಟನ್, ಕೆಟಲ್‌ಬಾಸ್ಟನ್, ಚೆಲ್ಸ್‌ವರ್ತ್, ಕರ್ಸಿ, ಬಾಕ್ಸ್‌ಫರ್ಡ್, ಎಡ್ವರ್ಡ್‌ಸ್ಟನ್, ಮತ್ತೆ ಸಡ್‌ಬರಿ. ಸುಮಾರು 45 ಕಿ.ಮೀ. ಗಂಟೆಗೆ 12 ಕಿ.ಮೀ. ಹಿಡಿದರೆ ತುಳಿಯುವ ಹೊತ್ತು ನಾಲ್ಕು ಗಂಟೆಗಿಂತ ಕಡಿಮೆ, ಉಳಿದದ್ದೆಲ್ಲ ನಿಲ್ಲುವುದಕ್ಕೆ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಆದ್ದರಿಂದ ಕರ್ಸಿಯಿಂದ ಹೊರಡುವಾಗ ರೈಲಿನ ಹೊತ್ತಿಗೆ ಒಂದು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ.

ಲ್ಯಾವೆನಮ್ ಉಣ್ಣೆಯ ನೀಲಿ ಬಟ್ಟೆಯಿಂದ ಬೆಳೆದ ಊರು. 16ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಿರಿವಂತ ಊರುಗಳಲ್ಲೊಂದು. ಆ ವ್ಯಾಪಾರ ಬಿದ್ದಮೇಲೆ ಕೆಡವಿ ಹೊಸದು ಕಟ್ಟಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಮರದ ಚೌಕಟ್ಟಿನ ಮನೆಗಳು ಓರೆಯಾಗಿ, ಒಂದಕ್ಕೊಂದು ಒರಗಿಕೊಂಡು ಉಳಿದುಬಿಟ್ಟಿವೆ. ಕರ್ಸಿಯ ಹೆಸರು ಒಂದು ಬಗೆಯ ಒರಟು ಉಣ್ಣೆ ಬಟ್ಟೆಗೇ ಅಂಟಿಕೊಂಡಿದೆ. ಅಲ್ಲಿ ಊರಬೀದಿ ಎರಡೂ ಕಡೆಯಿಂದ ಇಳಿದು ತಳದಲ್ಲಿ ಹರಿಯುವ ತೊರೆಯೊಳಗೇ ಹಾದುಹೋಗುತ್ತದೆ. ನೀರು ಕಡಿಮೆ ಇದೆ ಎಂದು ಸೈಕಲ್ ನುಗ್ಗಿಸಬೇಡಿ. ಇಂಥ ಕಡೆ ನೀರಿನಡಿಯ ನೆಲದ ಮೇಲೆ ಪಾಚಿ ಕಟ್ಟುತ್ತದೆ. ಹ್ಯಾಂಡಲ್ ಒಂದಿಷ್ಟು ತಿರುಗಿದರೂ ಮುಂದಿನ ಚಕ್ರ ಜಾರುತ್ತದೆ. ಬದಿಯ ಕಾಲುದಾರಿಯಲ್ಲಿ ತಳ್ಳಿಕೊಂಡು ದಾಟಿ.

ಸಫೊಕ್ ಸಮತಟ್ಟು ಎಂದು ನಂಬಿ ಹೋದವರಿಗೆ ಮಂಡಿ ನೋವು ಬರುವುದು ಇಂಥ ಕಿರು ಕಣಿವೆಗಳಿಂದಲೇ. ಏರು ಉದ್ದವಿಲ್ಲ, ಆದರೆ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಸೈಕಲ್ಲಿನ ಚೈನು ಓಡುವ ಹಲ್ಲುಚಕ್ರಗಳಲ್ಲಿ ಮುಂದಿನ ಅತಿ ಸಣ್ಣದರ, ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ ನೋಡಿ. ಮುಂದೆ 30, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 1.9 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ತುಳಿದರೆ ಗಂಟೆಗೆ 5.7 ಕಿ.ಮೀ., ನಡಿಗೆಗಿಂತ ಸ್ವಲ್ಪ ಹೆಚ್ಚು. ಸಾಮಾನು ಹೊತ್ತು ಏರಲು ಇದು ಸಾಕು. ಮುಂದಿನ ಹಲ್ಲು ಹಿಂದಿನದಕ್ಕಿಂತ ಹೆಚ್ಚಿದ್ದರೆ ಅಂಗಡಿಯಲ್ಲಿ ಕೇಳಿ ಹಿಂದಿನ ಹಲ್ಲುಚಕ್ರಗಳ ಗೊಂಚಲು ಬದಲಿಸಿಕೊಳ್ಳಿ, ಜೊತೆಗೆ ಚೈನಿನ ಉದ್ದವನ್ನೂ ನೋಡಿಸಿ. ಚೈನು ಗಿಡ್ಡವಾಗಿದ್ದರೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಒಟ್ಟಿಗೆ ಬಿದ್ದಾಗ ಹಿಂದಿನ ಗೇರ್ ಸಾಧನವೇ ಮುರಿಯುತ್ತದೆ. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಬೇಕು. ಕಾಲಿನ ಪೂರ್ತಿ ಭಾರ ಬಿದ್ದಾಗ ಚೈನು ಸರಿಯಾಗಿ ಸರಿಯುವುದಿಲ್ಲ.

ಟೈರು 35 ಮಿ.ಮೀ. ಅಗಲದ್ದಿರಲಿ. 70 ಕೆ.ಜಿ. ತೂಕದವರಿಗೆ ಮುಂದೆ 45, ಹಿಂದೆ 55 ಪಿಎಸ್‌ಐ ಗಾಳಿ. ಅದಕ್ಕಿಂತ ಗಟ್ಟಿಯಾಗಿ ತುಂಬಿದರೆ ಒರಟು ಓಣಿಯಲ್ಲಿ ಕೈ ಜೋಮು ಹಿಡಿಯುತ್ತದೆ.

ಈಗ ಮುಳ್ಳಿನ ವಿಚಾರ. ಓಣಿಯ ಎರಡೂ ಬದಿಯ ಬೇಲಿ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಗಿಡಗಳದ್ದು. ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಹೊಲದ ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂದದ್ದೇ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಬೇಲಿಯನ್ನು ಚೂರುಚೂರು ಮಾಡುತ್ತದೆ, ಮುಳ್ಳಿನ ಕಡ್ಡಿಗಳು ರಸ್ತೆ ತುಂಬ ಬೀಳುತ್ತವೆ. ಬಯಲುಸೀಮೆಯಲ್ಲಿ ಜಾಲಿ ಮುಳ್ಳಿನ ಮೇಲೆ ಸೈಕಲ್ ಓಡಿಸಿದವರಿಗೆ ಇದರ ಪರಿಚಯ ಇದ್ದೇ ಇದೆ. ಹೊಸದಾಗಿ ಕತ್ತರಿಸಿದ ಬೇಲಿಯ ತುದಿಗಳು ಬಿಳಿಯಾಗಿ ಕಾಣುತ್ತವೆ. ಕಂಡ ಕೂಡಲೇ ಇಳಿದು, ಸೈಕಲ್ ಎತ್ತಿಕೊಂಡು ಆ ನೂರು ಗಜ ನಡೆದುಬಿಡಿ.

ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕಿದ ಐದು ನಿಮಿಷಕ್ಕೆ ಮತ್ತೆ ಗಾಳಿ ಹೋಗುವುದು ಸಾಮಾನ್ಯ. ಮುಳ್ಳಿನ ಬುಡ ಮುರಿದು, ಮೊನೆ ಟೈರಿನೊಳಗೇ ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಟ್ಯೂಬ್ ತೆಗೆಯುವಾಗ ವಾಲ್ವಿನ ಜಾಗ ಟೈರಿನ ಮೇಲೆ ಎಲ್ಲಿತ್ತು ಎಂದು ಗುರುತು ಮಾಡಿ. ಟ್ಯೂಬಿಗೆ ಗಾಳಿ ಹೊಡೆದು, ಅದನ್ನು ತುಟಿಯ ಹತ್ತಿರ ಹಿಡಿದು ತೂತು ಹುಡುಕಿ, ಗುರುತಿನಿಂದ ಅಳೆದು ಟೈರಿನ ಅದೇ ಜಾಗವನ್ನು ಒಳಗಿನಿಂದ ಹತ್ತಿಬಟ್ಟೆಯಲ್ಲಿ ಒರೆಸಿ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಬೆರಳಿನಲ್ಲಿ ಹುಡುಕಬೇಡಿ, ಚುಚ್ಚಿದರೆ ಬಾವು ಬರುತ್ತದೆ. ಸಣ್ಣ ಚಿಮಟದಲ್ಲಿ ಹೊರಗೆಳೆಯಿರಿ. ಪ್ಯಾಚ್ ಹಾಕುವಾಗ ಸೊಲ್ಯೂಷನ್ ತೆಳುವಾಗಿ ಸವರಿ, ಹೊಳಪು ಆರುವವರೆಗೆ ಐದು ನಿಮಿಷ ಕಾಯಿರಿ. ಹಸಿಯಲ್ಲೇ ಒತ್ತಿದ ಪ್ಯಾಚು ನಿಲ್ಲುವುದಿಲ್ಲ. ಇಲ್ಲಿ ಹೆಚ್ಚಾಗಿರುವುದು ಪ್ರೆಸ್ಟಾ ವಾಲ್ವ್. ತುದಿಯ ಪುಟ್ಟ ನಟ್ಟು ಸಡಿಲಿಸದೆ ಗಾಳಿ ಒಳಗೆ ಹೋಗದು.

ಸೆಪ್ಟೆಂಬರಿನಿಂದ ಚಳಿಗಾಲ ಮುಗಿಯುವವರೆಗೂ ಇನ್ನೊಂದು ತೊಂದರೆ ಇದೆ. ಹೊಲದಿಂದ ಸಕ್ಕರೆ ಬೀಟು ಕಿತ್ತು ಬರಿ ಸೇಂಟ್ ಎಡ್ಮಂಡ್ಸ್ ಕಾರ್ಖಾನೆಗೆ ಸಾಗಿಸುವಾಗ ಜೇಡಿಮಣ್ಣು ಓಣಿಗೆ ಬೀಳುತ್ತದೆ. ಮಳೆ ಬಂದರೆ ಅದು ಸೋಪಿನಂತೆ ಜಾರುತ್ತದೆ, ಮಡ್‌ಗಾರ್ಡಿನಲ್ಲಿ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ 10 ಮಿ.ಮೀ. ಸಂದು ಬಿಡಿ. ಈ ಎಲ್ಲ ಕಾರಣಕ್ಕೆ ಮೊದಲ ಸವಾರಿಗೆ ಮೇ, ಜೂನ್ ಒಳ್ಳೆಯದು. ಜೂನಿನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕೂ ಇರುತ್ತದೆ.

ಎಡಗಡೆ ಓಡಿಸುವುದು ನಮಗೆ ಹೊಸದಲ್ಲ. ಹೊಸದು ವೇಗ. ಬಿಳಿ ವೃತ್ತದ ಮೇಲೆ ಕಪ್ಪು ಓರೆ ಗೆರೆ ಇರುವ ಫಲಕ ಕಂಡರೆ ಆ ಕಿರಿದಾದ ಓಣಿಯಲ್ಲೂ ಕಾರಿಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ.ವರೆಗೆ ಕಾನೂನಿನ ಒಪ್ಪಿಗೆ ಇದೆ. ಎಡಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಬೇಲಿಗೆ ಅಂಟಿಕೊಂಡು ಹೋದರೆ ಹಿಂದಿನಿಂದ ಬರುವವನಿಗೆ ನೀವು ಕಾಣುವುದೇ ಇಲ್ಲ. ಸ್ವಲ್ಪ ನಡುವಿಗೆ ಬನ್ನಿ. 2022ರಲ್ಲಿ ತಿದ್ದಿದ ಹೈವೇ ಕೋಡ್ ಎಂಬ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಸದ್ದಿಲ್ಲದ ರಸ್ತೆಯಲ್ಲಿ ಸೈಕಲ್ಲಿನವರು ತಮ್ಮ ಪಥದ ಮಧ್ಯದಲ್ಲಿ ಹೋಗಲಿ ಎಂದೇ ಹೇಳುತ್ತದೆ. ಕಾರು ಬಂದರೆ ಹೊಲದ ಗೇಟಿನ ಬಳಿ ನಿಂತು ದಾರಿ ಬಿಡಿ, ಓಡಿಸುವವರು ಕೈ ಎತ್ತುತ್ತಾರೆ, ನೀವೂ ಎತ್ತಿ. ಕುದುರೆ ಸವಾರರ ಹಿಂದೆ ಬೆಲ್ ಹೊಡೆಯಬೇಡಿ. ದೂರದಿಂದಲೇ ಮಾತಾಡಿಸಿ, ಮನುಷ್ಯನ ದನಿ ಕೇಳಿದರೆ ಕುದುರೆ ಬೆಚ್ಚುವುದಿಲ್ಲ. ಆಮೇಲೆ ಬಲಗಡೆಯಿಂದ ಅಂತರ ಬಿಟ್ಟು ನಿಧಾನ ದಾಟಿ.

ಓಣಿ ಬಿಟ್ಟು ಹೊಲದ ದಾರಿಗೆ ಇಳಿಯುವುದಾದರೆ ಕಂಬದ ಬಾಣ ನೋಡಿ. ಹಳದಿ ಬಾಣ ಕಾಲುದಾರಿ, ಅಲ್ಲಿ ಸೈಕಲ್ ತುಳಿಯುವ ಹಕ್ಕಿಲ್ಲ. ನೀಲಿ ಬಾಣ ಕುದುರೆ ದಾರಿ. 1968ರ ಕಾಯ್ದೆಯಿಂದ ಅಲ್ಲಿ ಸೈಕಲ್ಲಿಗೂ ಹಕ್ಕಿದೆ, ಆದರೆ ನಡೆಯುವವರಿಗೂ ಕುದುರೆಗೂ ಮೊದಲು ದಾರಿ ಬಿಡಬೇಕು.

ಊಟದ ಲೆಕ್ಕ ಬಿಗಿ. ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ. ಸೋಮವಾರ ಎಷ್ಟೋ ಪಬ್‌ಗಳು ಬಾಗಿಲೇ ತೆಗೆಯುವುದಿಲ್ಲ. ಚಪಾತಿ ಸುತ್ತಿಕೊಂಡು ಹೋಗುವುದು ಎಲ್ಲಕ್ಕಿಂತ ವಾಸಿ, ಚರ್ಚಿನ ಅಂಗಳದ ಬೆಂಚಿನಲ್ಲಿ ಕೂತು ತಿನ್ನಬಹುದು. ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ. ಮನೆಗಳ ಗೇಟಿನ ಮುಂದೆ ಮೊಟ್ಟೆ, ಜಾಮು, ಸೇಬು ಇಟ್ಟು ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಇರುವುದಿಲ್ಲ. ದುಡ್ಡು ಡಬ್ಬಿಗೆ ಹಾಕಿ ತೆಗೆದುಕೊಳ್ಳಬೇಕು.

ಸಡ್‌ಬರಿಯಿಂದ ರೈಲು ಹೆಚ್ಚುಕಡಿಮೆ ಗಂಟೆಗೊಂದು. ವಾರದ ದಿನಗಳ ದಟ್ಟಣೆಯ ಹೊತ್ತಿನಲ್ಲಿ ಲಂಡನ್ ರೈಲುಗಳಿಗೆ ಮಡಚದ ಸೈಕಲ್ ಹತ್ತಿಸಿಕೊಳ್ಳುವುದಿಲ್ಲ, ಹಾಗಾಗಿ ಶನಿವಾರ, ಭಾನುವಾರ ಅನುಕೂಲ. ಭಾನುವಾರ ಹಳಿ ರಿಪೇರಿಗೆಂದು ರೈಲಿನ ಬದಲು ಬಸ್ಸು ಬಿಟ್ಟಿರುವುದುಂಟು, ಬಸ್ಸಿಗೆ ಸೈಕಲ್ ಏರುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಲ್ಯಾಂಡ್‌ರೇಂಜರ್ 155ನೇ ಹಾಳೆ ಇಲ್ಲಿ ಮೇಜಿನ ಮೇಲೆ ಬಿಡಿಸಿಟ್ಟಿದೆ, ದಾರಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಹತ್ತಿರ ಬನ್ನಿ, ಲ್ಯಾವೆನಮ್‌ನಿಂದ ಶುರುಮಾಡಿ ಒಟ್ಟಿಗೆ ಓದೋಣ.