ಹುಬ್ಬಳ್ಳಿಯ ಕರಾಟೆ ಗುರುಗಳಿಗೆ ಒಂದು ಜಪಾನಿ ಮುದ್ರೆ

ನಮಸ್ಕಾರ. ಕ್ಯೋಟೋದಲ್ಲಿ ಬೆಳಗಿನಿಂದ ಮಳೆ ಹಿಡಿದುಕೊಂಡಿದೆ. ಬೆಳಕು ಸಾಲದೆಂದು ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಇವತ್ತು ಕಲ್ಲಿನಲ್ಲಿ ಕೆತ್ತುವ ಹೆಸರಿನ ಮುದ್ರೆ ಹುಬ್ಬಳ್ಳಿಯಲ್ಲಿ ಕರಾಟೆ ಕಲಿಸುವ ಗುರುಗಳೊಬ್ಬರಿಗೆ. ಮಕ್ಕಳಿಗೆ ಬೆಲ್ಟ್ ಕೊಡುವಾಗ ಪ್ರಮಾಣಪತ್ರದಲ್ಲಿ ತಮ್ಮ ಸಹಿಯ ಪಕ್ಕ ಒತ್ತಲು ಬೇಕಂತೆ. ಹೆಸರು ಮಂಜುನಾಥ. ವಿಡಿಯೋದಲ್ಲಿ ಹೇಳಬಹುದೇ ಎಂದು ಕೇಳಿಯೇ ಹೇಳುತ್ತಿದ್ದೇನೆ.

ಕೈಯಲ್ಲಿರುವುದು ಚೀನಾದ ಚಿಂಗ್‌ಟಿಯಾನ್ ಕಲ್ಲು. ಜಪಾನಿನ ಹಳೆಯ ಲೆಕ್ಕದಲ್ಲಿ ಎಂಟು ‘ಬು’ ಅಳತೆ, ಅಂದರೆ ಮುಖದ ಒಂದೊಂದು ಬದಿ ಸುಮಾರು 24 ಮಿಲಿಮೀಟರ್. ಸ್ಯಾಂಡ್‌ಪೇಪರ್ ಮೇಲೆ ಮುಖ ಸಮ ಮಾಡುವುದನ್ನು ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸುವುದಿಲ್ಲ.

ಗುರುಗಳು ಮೊದಲು ಕೇಳಿದ್ದು ಕಾಂಜಿ ಅಕ್ಷರಗಳನ್ನು, ಅಂದರೆ ಒಂದೊಂದಕ್ಕೂ ಅರ್ಥವಿರುವ ಚೀನೀ ಮೂಲದ ಅಕ್ಷರಗಳನ್ನು. ಉಚ್ಚಾರಣೆ ಹೇಗೋ ಹೊಂದಬೇಕು, ಜೊತೆಗೆ ಹುಲಿ, ಡ್ರಾಗನ್, ಶೌರ್ಯ ಎಂಬ ಅರ್ಥವೂ ಬರಬೇಕು. ಯುದ್ಧಕಲೆಯವರು ಬಹುತೇಕ ಇದನ್ನೇ ಕೇಳುತ್ತಾರೆ. ನಾನು ಬೇಡವೆಂದೆ. ಜಪಾನಿನ ಹಳೆಯ ದೋಜೋಗಳ, ಅಂದರೆ ಯುದ್ಧಕಲೆಯ ತಾಲೀಮು ಮನೆಗಳ, ಗೋಡೆಯ ಮೇಲೆ ಶಿಷ್ಯರ ಹೆಸರಿನ ಮರದ ಪಟ್ಟಿಗಳು ದರ್ಜೆಯ ಪ್ರಕಾರ ಸಾಲಾಗಿ ತೂಗುತ್ತಿರುತ್ತವೆ. ಕೆಂಡೋ ಎಂಬ ಕತ್ತಿವರಸೆ ಆಡುವವರು ಸೊಂಟದ ಕವಚದ ಮೇಲೆಯೇ ಹೆಸರು ಹಾಕಿಕೊಳ್ಳುತ್ತಾರೆ. ಹೊರದೇಶದವರ ಹೆಸರು ಅಲ್ಲೆಲ್ಲ ಸಾಮಾನ್ಯವಾಗಿ ಕಟಕಾನಾದಲ್ಲಿರುತ್ತದೆ, ಅದು ಉಚ್ಚಾರಣೆಯನ್ನಷ್ಟೇ ಬರೆಯುವ ಜಪಾನಿ ಲಿಪಿ. ದೋಜೋದಲ್ಲಿ ನಿಮ್ಮನ್ನು ಕರೆಯುವ ಹೆಸರು ಯಾವುದೋ ಅದೇ ಮುದ್ರೆಯಲ್ಲಿರಬೇಕು. ಬಲವಂತವಾಗಿ ಹೊಂದಿಸಿದ ಕಾಂಜಿಯನ್ನು ಜಪಾನಿಯರೇ ಹತ್ತು ರೀತಿ ಓದಬಹುದು. ಕಟಕಾನಾವನ್ನು ಓದುವ ರೀತಿ ಒಂದೇ.

ಆದರೆ ಕಟಕಾನಾ ಕೆತ್ತುವುದು ಹೆಚ್ಚು ಕಷ್ಟ. ಮುದ್ರೆಗಳಿಗೆ ಬಳಸುವ ತೆನ್‌ಶೋ ಲಿಪಿಯನ್ನು ಚೀನಾದ ಚಿನ್ ಅರಸರು ಕ್ರಿ.ಪೂ. 3ನೇ ಶತಮಾನದಲ್ಲೇ ಒಂದು ಅಚ್ಚಿಗೆ ತಂದರು. ಕಟಕಾನಾ ಹುಟ್ಟಿದ್ದು ಅದಾದ ಸಾವಿರ ವರ್ಷಗಳ ಮೇಲೆ, ಬೌದ್ಧ ಭಿಕ್ಷುಗಳು ಗ್ರಂಥದ ಸಾಲುಗಳ ಪಕ್ಕ ಓದಿನ ಗುರುತು ಹಾಕಿಕೊಳ್ಳುವಾಗ. ಹಾಗಾಗಿ ಅದಕ್ಕೆ ತೆನ್‌ಶೋ ರೂಪವೇ ಇಲ್ಲ. ಕೆತ್ತುವವರೇ ಗೀಟುಗಳನ್ನು ದಪ್ಪ ಮಾಡಿ, ಬಾಗಿಸಿ ಹೊಂದಿಸಬೇಕು. ಬಲಸಾಲಿನಲ್ಲಿ ಮಾ, ನ್, ಜು. ಎಡಸಾಲಿನಲ್ಲಿ ನಾ, ತೊ. ನಡುವಿನ ದೀರ್ಘದ ಗೆರೆ ಮೇಲಿನಿಂದ ಕೆಳಗೆ ಬರೆಯುವಾಗ ನೆಟ್ಟಗೆ ನಿಲ್ಲುತ್ತದೆ. ಆ ಗೆರೆ ನನಗೆ ತುಂಬಾ ಇಷ್ಟ, ಇಡೀ ಎಡಸಾಲಿಗೆ ಅದೇ ಬೆನ್ನೆಲುಬು. ಹೆಸರಿನ ಮುದ್ರೆಯಾದ್ದರಿಂದ ಅಕ್ಷರ ಬಿಳಿ, ಸುತ್ತ ಕೆಂಪು. ಇದಕ್ಕೆ ಹಾಕುಬುನ್ ಎನ್ನುತ್ತಾರೆ. ಕಡಿಮೆ ಗೀಟಿನ ಅಕ್ಷರಗಳಿಗೆ ಇದೇ ಸರಿ, ಕೆಂಪು ಅಕ್ಷರ ಮಾಡಿದರೆ ಮುದ್ರೆ ಬರಿದಾಗಿ ಕಾಣುತ್ತದೆ.

ಈಗ ನಿಲ್ಲಿ, ಇಲ್ಲಿ ನೋಡಿ. ಉಳಿ ಕಿರ್ರೆಂದಿತಲ್ಲ? ಕಲ್ಲಿನೊಳಗೆ ಮರಳಿನಂಥ ಗಟ್ಟಿ ಕಣವೊಂದು ಕುಳಿತಿದೆ. ಹತ್ತಿರದಿಂದ ತೋರಿಸುತ್ತೇನೆ. ಸಾಸಿವೆಗಿಂತ ಚಿಕ್ಕದು, ಬಣ್ಣದಲ್ಲಿ ವ್ಯತ್ಯಾಸವಿಲ್ಲ, ಮೇಲಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ. ಸುತ್ತಲಿನ ಕಲ್ಲು ಉಳಿಗೆ ಪುಡಿಯಾಗಿ ಬರುತ್ತದೆ, ಈ ಕಣ ಬರುವುದಿಲ್ಲ. ಉಳಿ ಅದಕ್ಕೆ ತಾಗಿ ಹಾರಿತು, ಪಕ್ಕದ ಕಲ್ಲು ಚಕ್ಕೆ ಎದ್ದಿತು. ಬೇರೆಲ್ಲಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ, ಮುದ್ರೆಯಲ್ಲಿ ಒಂದೆರಡು ಮುಕ್ಕು ಶೋಭೆಯೇ. ಆದರೆ ಇದು ‘ನ್’ ಅಕ್ಷರದ ಗಿಡ್ಡ ಗೀಟಿನ ಮೇಲೆಯೇ ಬಿದ್ದಿದೆ. ಕಟಕಾನಾದಲ್ಲಿ ಆ ಗೀಟು ಅಡ್ಡಕ್ಕೆ ಮಲಗಿದರೆ ‘ನ್’, ನೆಟ್ಟಗೆ ನಿಂತರೆ ‘ಸೊ’. ಚಕ್ಕೆ ಎದ್ದ ಮೇಲೆ ಅದು ಎದ್ದು ನಿಂತಂತೆ ಕಾಣುತ್ತಿದೆ. ಗುರುಗಳ ಪ್ರಮಾಣಪತ್ರದಲ್ಲಿ ಅವರ ಹೆಸರು ಮಾಸೊಜುನಾತೊ ಆಗಿಬಿಡುತ್ತದೆ. ಸಾಧ್ಯವೇ ಇಲ್ಲ.

ನನಗೆ ಸಿಟ್ಟು ಬರುವುದು ಬೆಲೆಯ ವಿಷಯಕ್ಕೆ. ಅಭ್ಯಾಸದ ಕಲ್ಲು ಕೆಲವು ನೂರು ಯೆನ್‌ಗೆ ಸಿಗುತ್ತದೆ, ಅದರಲ್ಲಿ ಕಣವಿದ್ದರೆ ಯಾರೂ ಕೇಳುವುದಿಲ್ಲ. ಇದನ್ನು ಆರಿಸಿದ ಕಲ್ಲು, ಶುದ್ಧ ಕಲ್ಲು ಎಂದು ಹೇಳಿ ಅದರ ಹಲವು ಪಟ್ಟು ಬೆಲೆಗೆ ಕೊಟ್ಟರು. ಉಳಿ ತಾಗಿದ ಮೇಲೆ ವಾಪಸು ಇಲ್ಲವಂತೆ. ಉಳಿ ತಾಗದೆ ಕಣ ಗೊತ್ತಾಗುವುದು ಹೇಗೆ? ಇದು ನ್ಯಾಯವಲ್ಲ. ಕಲ್ಲು ಮಾರುವವರು ಕನಿಷ್ಠ ಬದಲಿ ಕಲ್ಲನ್ನಾದರೂ ಕೊಡಬೇಕು.

ಇರಲಿ, ಮುಖವನ್ನು ಪೂರ್ತಿ ತೇಯುತ್ತೇನೆ. ಕಣ ಹೋಗುವವರೆಗೆ ತೇಯಲೇಬೇಕು. ಮನೆಯಲ್ಲಿ ಮಾಡುವವರು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಈ ಬಿಳಿ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತೇಯುವುದು ನಡೆಯುತ್ತಿರಲಿ, ಕಾಂಜಿ ಬೇಡವೆಂದ ಮಾತನ್ನು ಸ್ವಲ್ಪ ಸಡಿಲಿಸುತ್ತೇನೆ. ಈ ಗುರುಗಳದು ಶೋತೊಕಾನ್ ಶೈಲಿ. ಆ ಹೆಸರು ಬಂದದ್ದು ಓಕಿನಾವಾದ ಕರಾಟೆ ಗುರು ಫುನಾಕೊಶಿ ಗಿಚಿನ್ ಅವರ ಕಾವ್ಯನಾಮ ‘ಶೋತೊ’ದಿಂದ. 1882ರಲ್ಲಿ ಕೋದೋಕಾನ್ ಎಂಬ ಶಾಲೆ ಸ್ಥಾಪಿಸಿ ಜೂಡೋ ಕಟ್ಟಿದ ಕಾನೊ ಜಿಗೊರೊ ಅವರು ಬರಹಗಳಿಗೆ ಕಾಲಕಾಲಕ್ಕೆ ಬೇರೆ ಬೇರೆ ಅಂಕಿತ ಇಟ್ಟುಕೊಂಡರು: ಮೊದಲು ಕೋನನ್, ಆಮೇಲೆ ಶಿಂಕೊಸಾಯ್, ವೃದ್ಧಾಪ್ಯದಲ್ಲಿ ಕಿಇತ್ಸುಸಾಯ್. ಕತ್ತಿವರಸೆಯ ಯಾಮಾಒಕಾ ತೆಸ್ಶೂ ಅವರನ್ನು ಜನ ನೆನೆಯುವುದೇ ಅಂಕಿತದಿಂದ. ಇಂಥ ಹೆಸರು ಸಾಧನೆಯ ಜೊತೆ ಬೆಳೆದದ್ದು. ನಾಳೆ ಹುಬ್ಬಳ್ಳಿಯ ಗುರುಗಳಿಗೆ ಅವರ ಗುರುಗಳು ಒಂದು ಅಂಕಿತ ಕೊಟ್ಟರೆ ಅದನ್ನು ಕಾಂಜಿಯಲ್ಲೇ, ಕೆಂಪು ಅಕ್ಷರದಲ್ಲಿ ಕೆತ್ತಿಕೊಡುತ್ತೇನೆ. ಹೆಸರಿನ ಬಿಳಿ ಮುದ್ರೆ ಮೇಲೆ, ಅಂಕಿತದ ಕೆಂಪು ಮುದ್ರೆ ಕೆಳಗೆ, ಎರಡೂ ಜೋಡಿಯಾಗಿ ಚೆಂದ. ಅಂತರ್ಜಾಲದಲ್ಲಿ ಆರಿಸಿದ ಹುಲಿಯನ್ನು ಮಾತ್ರ ಈಗಲೂ ಕೆತ್ತುವುದಿಲ್ಲ.

ಅಯ್ಯೋ, ಕೆತ್ತನೆಯ ದೃಶ್ಯ ಮುಗಿದೇ ಹೋಯಿತು! ಬೇಗ ಬೇಗ ಹೇಳುತ್ತೇನೆ. ಎರಡನೇ ಸಲ ಕಣ ಸಿಗಲಿಲ್ಲ. ಕನ್ನಡಿಯಲ್ಲಿ ಹಿಡಿದು ನೋಡಿ, ‘ನ್’ ಸ್ಪಷ್ಟವಾಗಿ ‘ನ್’ ಆಗಿದೆ. ಅಂಚು ತೀರಾ ಹೊಸದಾಗಿ ಕಾಣುತ್ತಿದೆಯೆಂದು ಉಳಿಯ ಹಿಡಿಯಿಂದ ಅಲ್ಲಲ್ಲಿ ತಟ್ಟುತ್ತಿದ್ದೇನೆ. ಕಲ್ಲಿನ ಎಡಬದಿಯಲ್ಲಿ ತಿಂಗಳು, ವರ್ಷ ಮತ್ತು ನನ್ನ ಗುರುತು. ಮುದ್ರೆಯ ನೆತ್ತಿ ಯಾವ ಕಡೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಇದು ಒತ್ತಿದ ಗುರುತು. ಚೆನ್ನಾಗಿ ಬಂದಿದೆ, ನನಗೆ ಸಂತೋಷವಾಗಿದೆ. ಮಂಜುನಾಥ ಗುರುಗಳೇ, ಇದಕ್ಕೆ ಕಚೇರಿಯ ಸ್ಟ್ಯಾಂಪ್ ಪ್ಯಾಡ್ ಬಳಸಬೇಡಿ. ಪೊಟ್ಟಣದಲ್ಲಿ ಶುನಿಕು ಎಂಬ ಕೆಂಪು ಲೇಪದ ಡಬ್ಬಿ ಇಟ್ಟಿದ್ದೇನೆ. ಹುಬ್ಬಳ್ಳಿಯ ಬಿಸಿಲಿಗೆ ಎಣ್ಣೆ ಮೇಲೆ ತೇಲಿದರೆ ಕಡ್ಡಿಯಿಂದ ಚೆನ್ನಾಗಿ ಕಲಸಿಕೊಳ್ಳಿ. ಕಾಗದದ ಕೆಳಗೆ ತೆಳು ರಬ್ಬರ್ ಹಾಳೆ ಇಟ್ಟು ಒತ್ತಿ, ಆಮೇಲೆ ಕಲ್ಲಿನ ಮುಖವನ್ನು ಮೆತ್ತನೆ ಕಾಗದದಿಂದ ಒರೆಸಿ ಇಡಿ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಹೊರಡುತ್ತೇನೆ.