ಉಗ್ರಾಣವಾಗಿ ಉಳಿದುಕೊಂಡ ಚಾಪೆಲ್

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯಲ್ಲಿ ಬ್ರಾಡ್‌ವೆಲ್ ಆನ್ ಸೀ ಅಂತ ಒಂದು ಹಳ್ಳಿ ಇದೆ. ಊರಾಚೆ ಕಾರು ನಿಲ್ಲಿಸಿ ಹೊಲಗಳ ನಡುವೆ ಸುಮಾರು ಅರ್ಧ ಮೈಲಿ ನಡೆದರೆ ಸೇಂಟ್ ಪೀಟರ್ ಚಾಪೆಲ್ ಎಂಬ ಪುಟ್ಟ ಚರ್ಚು ಸಿಗುತ್ತದೆ. ಉದ್ದ ಹೆಚ್ಚುಕಮ್ಮಿ 50 ಅಡಿ, ಅಗಲ 22 ಅಡಿ. ಗೋಪುರ ಇಲ್ಲ. ದೂರದಿಂದ ನೋಡಿದರೆ ಯಾವುದೋ ರೈತನ ಉಗ್ರಾಣ ಅನ್ನಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. 17ನೇ ಶತಮಾನದಿಂದ ಅದು ಉಗ್ರಾಣವೇ ಆಗಿತ್ತು!

ಕಟ್ಟಿದ್ದು 654ರ ಸುಮಾರಿಗೆ, ಸೆಡ್ ಎಂಬ ಸನ್ಯಾಸಿ. ಅವನು ಉತ್ತರದಲ್ಲಿ ಐರಿಷ್ ಸನ್ಯಾಸಿಗಳು ಕಟ್ಟಿದ ಲಿಂಡಿಸ್‌ಫಾರ್ನ್ ಮಠದಲ್ಲಿ ಬೆಳೆದವನು. ಅಲ್ಲಿ ಚರ್ಚನ್ನೇ ಓಕ್ ಮರದಲ್ಲಿ ಕಟ್ಟುತ್ತಿದ್ದರು. ಇಲ್ಲಿ ಮಾತ್ರ ಕಲ್ಲು. ಯಾಕೆ? ಕಲ್ಲು ಸುಮ್ನೆ ಬಿದ್ದಿತ್ತು. ರೋಮನ್ನರು 3ನೇ ಶತಮಾನದಲ್ಲಿ ಕಟ್ಟಿದ ಒಥೋನಾ ಕೋಟೆ ಹಾಳುಬಿದ್ದಿತ್ತು. ಅದರ ಪಶ್ಚಿಮ ಬಾಗಿಲ ಬಳಿ, ಕೋಟೆ ಗೋಡೆಯ ಮೇಲೆಯೇ ಸೆಡ್ ಚಾಪೆಲ್ ಎಬ್ಬಿಸಿದ. ಗೋಡೆಯಲ್ಲಿ ಇವತ್ತಿಗೂ ರೋಮನ್ ಇಟ್ಟಿಗೆ, ಕೆತ್ತಿದ ಕಲ್ಲುಗಳನ್ನು ಕೈಯಿಂದ ಮುಟ್ಟಬಹುದು. ಆ ಕೋಟೆಯ ಪೂರ್ವ ಭಾಗವನ್ನಂತೂ ಸಮುದ್ರ ನುಂಗಿಬಿಟ್ಟಿದೆ.

ನನಗೆ ತುಂಬಾ ಕುತೂಹಲ ಇರುವುದು ಇದರ ನಕ್ಷೆಯ ಮೇಲೆ. ಈಗ ನಿಂತಿರುವುದು ಜನ ಸೇರುತ್ತಿದ್ದ ನಡುಕೋಣೆ ಮಾತ್ರ. ಮೊದಲು ಅದರ ಪೂರ್ವಕ್ಕೆ ಅರ್ಧಚಂದ್ರದಂಥ ಗರ್ಭಗುಡಿ ಇತ್ತು, ಎರಡೂ ಪಕ್ಕದಲ್ಲಿ ಪುಟ್ಟ ಕೋಣೆಗಳಿದ್ದವು, ಗರ್ಭಗುಡಿಯ ಮುಂದೆ ಕಮಾನುಗಳ ಸಾಲು. ಪೂರ್ವದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಆ ಕಮಾನುಗಳ ಬುಡ ಕಾಣುತ್ತದೆ. ಇದು ಲಿಂಡಿಸ್‌ಫಾರ್ನ್ ರೀತಿ ಅಲ್ಲ. ಕೆಂಟ್ ಸೀಮೆಯ ರೀತಿ, ರೋಮಿನಿಂದ ಬಂದ ಪಾದ್ರಿಗಳು ತಂದದ್ದು. ಐರಿಷ್ ಪರಂಪರೆಯ ಸನ್ಯಾಸಿಗೆ ರೋಮಿನ ಕಡೆಯ ನಕ್ಷೆ! ಕೆಂಟಿನ ಕೆಲಸಗಾರರು ಬಂದು ಕಟ್ಟಿರಬೇಕು ಎಂಬ ಊಹೆ ನನಗೆ ಸರಿ ಅನ್ನಿಸುತ್ತದೆ. ಗುರು ಯಾರೇ ಇರಲಿ, ಗೋಡೆ ಎಬ್ಬಿಸುವವನು ತನಗೆ ಗೊತ್ತಿರುವಂತೆ ತಾನೇ ಎಬ್ಬಿಸುವುದು?

664ರಲ್ಲಿ ಪ್ಲೇಗ್ ಬಂತು. ಸೆಡ್ ಯಾರ್ಕ್‌ಷೈರಿನ ಲ್ಯಾಸ್ಟಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡ. ಸುದ್ದಿ ಕೇಳಿ ಎಸೆಕ್ಸ್‌ನಿಂದ ಸುಮಾರು ಮೂವತ್ತು ಶಿಷ್ಯರು ಅಲ್ಲಿಗೆ ಹೋದರು. ಒಬ್ಬ ಹುಡುಗನ ಹೊರತು ಎಲ್ಲರೂ ಸತ್ತರು.

ಈಗ ಉಗ್ರಾಣದ ವಿಷಯಕ್ಕೆ ಬರೋಣ. ಪವಿತ್ರ ಜಾಗದಲ್ಲಿ ಬೆಳೆ ತುಂಬಿದರು ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗಾಡಿ ಒಳಗೆ ಬರಲಿ ಅಂತ ರೈತರು ಉದ್ದದ ಗೋಡೆಗಳನ್ನು ಒಡೆದದ್ದು ನಿಜ. ಮುಚ್ಚಿದ ತೇಪೆ ಇನ್ನೂ ಕಾಣುತ್ತದೆ. ಆದರೆ ಕಾಳು ನೆನೆಯಬಾರದು ಅಂದರೆ ಸೂರು ಗಟ್ಟಿ ಇರಬೇಕು ಅಲ್ವಾ? ಹಾಗಾಗಿ ನಡುಕೋಣೆ ಉಳಿಯಿತು. ಕೆಂಟಿನ ರಿಕಲ್ವರ್ ನೋಡಿ. ಅದೂ ರೋಮನ್ ಕೋಟೆಯೊಳಗೇ ಕಟ್ಟಿದ 7ನೇ ಶತಮಾನದ ಚರ್ಚು, ನಕ್ಷೆಯೂ ಇದರಂತೆಯೇ. ಅಲ್ಲಿ ಪೂಜೆ ನಡೆಯುತ್ತಲೇ ಇತ್ತು. ಆದರೂ ಕಡಲ ಕೊರೆತಕ್ಕೆ ಹೆದರಿ 19ನೇ ಶತಮಾನದ ಆರಂಭದಲ್ಲಿ ಆ ಊರಿನವರೇ ಅದನ್ನು ಕೆಡವಿದರು.

ಬ್ರಾಡ್‌ವೆಲ್ ಚಾಪೆಲ್ಲನ್ನು ರಿಪೇರಿ ಮಾಡಿ 1920ರಲ್ಲಿ ಮತ್ತೆ ಪ್ರಾರ್ಥನೆಗೆ ತೆರೆದರು. ಬಿದ್ದುಹೋದ ಗರ್ಭಗುಡಿಯನ್ನು ಹೊಸದಾಗಿ ಕಟ್ಟಲಿಲ್ಲ. ಅದರ ಅಳತೆಯನ್ನು ಇವತ್ತು ನೆಲದ ಮೇಲಿನ ಗುರುತಿನಲ್ಲೇ ನೋಡಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ನಿರ್ಧಾರ. ಕಟ್ಟಿದ್ದರೆ ಪೂರ್ವ ಗೋಡೆಯಲ್ಲಿ ಕಮಾನಿನ ಬುಡ ಹುಡುಕುವ ಕೆಲಸವೇ ನಮಗೆ ಇರುತ್ತಿರಲಿಲ್ಲ.